ಹೊರಗೆ ಹೋಗುವುದು ಸರಿ, ಹೋಗುವುದೆಲ್ಲಿಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಬ್ರಿಟನ್ನು ಐರೋಪ್ಯ ಒಕ್ಕೂಟವನ್ನು ತೊರೆದ ವಿಷಯವಾಗಿ ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ.

ಪ್ರಶ್ನೆ: 2016ರ ಜನಮತಗಣನೆಯಲ್ಲಿ ಬ್ರಿಟನ್ನಿನ ಜನ ಒಕ್ಕೂಟದಿಂದ ಹೊರಬರಬೇಕೆಂದು ತೀರ್ಪು ಕೊಟ್ಟರು. ದೇಶ ಹೊರಬಂದದ್ದು ಮಾತ್ರ 2020ರ ಜನವರಿ 31ರಂದು. ನಡುವಿನ ಮೂರೂವರೆ ವರ್ಷ ಸಂಸದರು ಜನರ ತೀರ್ಪನ್ನು ತಡೆಹಿಡಿದದ್ದು ಪ್ರಜಾಪ್ರಭುತ್ವಕ್ಕೆ ಬಗೆದ ದ್ರೋಹವಲ್ಲವೇ? ಕಾಲೇಜಿನ ಚರ್ಚಾಕೂಟದಲ್ಲಿ ನಾನು ಹೀಗೆ ವಾದಿಸಿದಾಗ ನಮ್ಮ ಅಧ್ಯಾಪಕರು ಒಪ್ಪಲಿಲ್ಲ.
– ಪದವಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಅದನ್ನು ಸಂಸದರ ಮೇಲೆ ಹೊರಿಸುವ ಮೊದಲು ಮತಪತ್ರದಲ್ಲಿ ಏನು ಅಚ್ಚಾಗಿತ್ತು ಎಂಬುದನ್ನು ನೋಡಬೇಕು. 2016ರ ಜೂನ್ 23ರಂದು ಮತದಾರರನ್ನು ಕೇಳಿದ್ದು ಒಕ್ಕೂಟದಲ್ಲಿ ಉಳಿಯಬೇಕೇ ಅಥವಾ ಅದನ್ನು ಬಿಡಬೇಕೇ ಎಂಬ ಒಂದೇ ಪ್ರಶ್ನೆ. ಶೇ. 51.9ರಷ್ಟು ಮಂದಿ ಬಿಡಬೇಕೆಂದರು, ಶೇ. 48.1ರಷ್ಟು ಮಂದಿ ಉಳಿಯಬೇಕೆಂದರು. ಮತದಾನ ಶೇ. 72ನ್ನು ದಾಟಿತ್ತು. ಇಲ್ಲಿಯವರೆಗೆ ತೀರ್ಪು ಸ್ಪಷ್ಟವಾಗಿದೆ, ಅದನ್ನು ಗೌರವಿಸಲೇಬೇಕಾಗಿತ್ತು ಎಂಬ ನಿಮ್ಮ ಮಾತನ್ನು ನಾನೂ ಒಪ್ಪುತ್ತೇನೆ. ತೊಡಕು ಇರುವುದು ಮುಂದೆ. ನಾರ್ವೆ ಒಕ್ಕೂಟದ ಸದಸ್ಯ ದೇಶವಲ್ಲ, ಆದರೂ ಅದರ ಏಕ ಮಾರುಕಟ್ಟೆಯ (ಸರಕು, ಸೇವೆಗಳು ಒಂದೇ ನಿಯಮದಡಿ ತಡೆಯಿಲ್ಲದೆ ಸಾಗುವ ವ್ಯವಸ್ಥೆ) ಒಳಗಿದ್ದು, ಅದಕ್ಕಾಗಿ ಹಣವನ್ನೂ ಕೊಡುತ್ತದೆ, ಜನರ ಮುಕ್ತ ಓಡಾಟವನ್ನೂ ಒಪ್ಪಿಕೊಂಡಿದೆ. ಟರ್ಕಿ ಕೈಗಾರಿಕಾ ಸರಕುಗಳ ಮಟ್ಟಿಗೆ ಸುಂಕದ ಒಕ್ಕೂಟದಲ್ಲಿದೆ, ಅಂದರೆ ಒಳಗಿನವರ ನಡುವೆ ಸುಂಕವಿಲ್ಲ, ಹೊರಗಿನವರಿಗೆ ಎಲ್ಲರದೂ ಒಂದೇ ಸುಂಕ. ಕೆನಡಾ ಕೇವಲ ವ್ಯಾಪಾರ ಒಪ್ಪಂದವೊಂದನ್ನು ಮಾಡಿಕೊಂಡಿದೆ. ಯಾವ ಒಪ್ಪಂದವೂ ಇಲ್ಲದೆ ವಿಶ್ವ ವ್ಯಾಪಾರ ಸಂಸ್ಥೆಯ ಸಾಮಾನ್ಯ ನಿಯಮಗಳಂತೆ ವ್ಯವಹರಿಸುವುದು ಇನ್ನೊಂದು ದಾರಿ. ಈ ನಾಲ್ಕೂ ಒಕ್ಕೂಟದ ಹೊರಗಿನ ದಾರಿಗಳೇ. ಅವುಗಳಲ್ಲಿ ಯಾವುದು ಬೇಕೆಂದು ಮತದಾರರನ್ನು ಯಾರೂ ಕೇಳಿರಲಿಲ್ಲ.

ಇನ್ನು, ತಡೆದವರು ಯಾರು ಎಂಬುದನ್ನು ನೋಡೋಣ. ಪ್ರಧಾನಿ ಥೆರೇಸಾ ಮೇ ಒಕ್ಕೂಟದೊಂದಿಗೆ ಮಾಡಿಕೊಂಡು ಬಂದ ನಿರ್ಗಮನ ಒಪ್ಪಂದವನ್ನು ಅಲ್ಲಿನ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ 2019ರ ಜನವರಿ 15ರಂದು 202ಕ್ಕೆ 432 ಮತಗಳಿಂದ ತಿರಸ್ಕರಿಸಿತು. ಹಾಗೆ ತಿರಸ್ಕರಿಸಿದವರಲ್ಲಿ 118 ಮಂದಿ ಆಕೆಯ ಸ್ವಂತ ಕನ್ಸರ್ವೇಟಿವ್ ಪಕ್ಷದವರೇ ಆಗಿದ್ದರು. ಅವರಲ್ಲಿ ಹೆಚ್ಚಿನವರು ನಿರ್ಗಮನದ ಕಟ್ಟಾ ಪ್ರತಿಪಾದಕರಾಗಿದ್ದು, ಒಪ್ಪಂದವು ಬ್ರಿಟನ್ನನ್ನು ಒಕ್ಕೂಟದ ನಿಯಮಗಳಿಗೆ ಇನ್ನೂ ಕಟ್ಟಿಹಾಕುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು. ‘ಬಿಡಬೇಕು’ ಎಂಬ ಪ್ರಚಾರದ ಮುಂಚೂಣಿಯಲ್ಲಿದ್ದ ಬೋರಿಸ್ ಜಾನ್ಸನ್ ಅವರೂ ಅಂದು ವಿರುದ್ಧವಾಗಿಯೇ ಮತ ಹಾಕಿದರು. ಒಕ್ಕೂಟದಲ್ಲೇ ಉಳಿಯಬೇಕೆಂದಿದ್ದವರು ತೀರ ಬೇರೆ ಕಾರಣಕ್ಕಾಗಿ ಅದೇ ಸಾಲಿನಲ್ಲಿ ನಿಂತಿದ್ದರು. ಮಾರ್ಚ್ 27ರಂದು ಸಭೆ ಎಂಟು ಬೇರೆ ಬೇರೆ ದಾರಿಗಳನ್ನು ಮತಕ್ಕೆ ಹಾಕಿತು, ಒಂದಕ್ಕೂ ಬಹುಮತ ಸಿಗಲಿಲ್ಲ. ಏಪ್ರಿಲ್ 1ರಂದು ಮತ್ತೆ ನಾಲ್ಕನ್ನು ಪರಿಶೀಲಿಸಿದಾಗ, ಸುಂಕದ ಒಕ್ಕೂಟದಲ್ಲಿ ಮುಂದುವರಿಯುವ ಸೂಚನೆ 273ಕ್ಕೆ 276 ಮತಗಳಿಂದ, ಅಂದರೆ ಕೇವಲ ಮೂರು ಮತಗಳಿಂದ ಬಿದ್ದುಹೋಯಿತು. ಎರಡನೆಯ ಜನಮತಗಣನೆಯ ಆಸೆಯಲ್ಲಿದ್ದ ಕೆಲವರು ಈ ನಡುದಾರಿಗೂ ಕೈ ಎತ್ತಲಿಲ್ಲ. ಅವರ ಹಟವನ್ನು ನಾನು ಸಮರ್ಥಿಸಲಾರೆ. ಆದರೆ ಜನರ ತೀರ್ಪನ್ನು ತಡೆದದ್ದು ಒಂದೇ ಗುಂಪು ಎನ್ನುವುದಕ್ಕೆ ಈ ಅಂಕಿಗಳು ಅವಕಾಶ ಕೊಡುವುದಿಲ್ಲ.

ನ್ಯಾಯಾಲಯಗಳ ಮೇಲೂ ದ್ರೋಹದ ಆರೋಪ ಬಂದಿತ್ತು. ಒಕ್ಕೂಟ ಸೇರಿದಂದಿನಿಂದ ನಾಗರಿಕರಿಗೆ ದೊರೆತಿದ್ದ ಹಕ್ಕುಗಳು ನಿರ್ಗಮನದೊಂದಿಗೆ ಅಳಿಯುವುದರಿಂದ, ನಿರ್ಗಮನದ ನೋಟಿಸ್ ಕೊಡಲು ಸಂಸತ್ತಿನ ಕಾಯ್ದೆಯ ಅನುಮತಿ ಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. ಮುಂದೆ ಪ್ರಧಾನಿಯಾದ ಜಾನ್ಸನ್ ಅವರು ಸಂಸತ್ತನ್ನು ಐದು ವಾರ ಮುಚ್ಚಿಸಿದ್ದು ಕಾನೂನುಬಾಹಿರವೆಂದು 2019ರ ಸೆಪ್ಟೆಂಬರ್ 24ರಂದು ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಈ ಎರಡೂ ತೀರ್ಪುಗಳು ನಿರ್ಗಮನ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಕೈ ಹಾಕಲಿಲ್ಲ. ನಿರ್ಧರಿಸುವ ಅಧಿಕಾರ ಯಾರದು ಎಂಬುದನ್ನಷ್ಟೇ ಹೇಳಿದವು.

ದೊಡ್ಡ ತಪ್ಪು ಜನಮತಗಣನೆಯ ಕಾಲದ ಪ್ರಧಾನಿ ಡೇವಿಡ್ ಕ್ಯಾಮರೂನ್ ಸರ್ಕಾರದ್ದು ಎಂದು ನಾನು ದೃಢವಾಗಿ ನಂಬುತ್ತೇನೆ. ತಮ್ಮ ಪಕ್ಷದೊಳಗಿನ ದಶಕಗಳ ಒಡಕನ್ನು ಮುಗಿಸಲು ಅವರು 2013ರಲ್ಲಿ ಜನಮತಗಣನೆಯ ಭರವಸೆ ಕೊಟ್ಟರು. ತಾವು ಬಯಸದ ಉತ್ತರ ಬಂದರೆ ಮುಂದೇನು ಎಂಬುದಕ್ಕೆ ಅಧಿಕಾರಿಗಳಿಂದ ಯಾವ ಸಿದ್ಧತೆಯನ್ನೂ ಮಾಡಿಸಲಿಲ್ಲ. ಅದು ಘೋರ ನಿರ್ಲಕ್ಷ್ಯವೆಂದು ಸಂಸತ್ತಿನ ವಿದೇಶಾಂಗ ಸಮಿತಿಯೇ ಬರೆಯಿತು. ಜನರ ಮುಂದೆ ಪ್ರಶ್ನೆ ಇಡುವವನು ಎರಡೂ ಉತ್ತರಗಳಿಗೆ ಸಿದ್ಧನಿರಬೇಕು, ಇಲ್ಲದಿದ್ದರೆ ಕೇಳಬಾರದು. ನಿಮ್ಮ ಅಧ್ಯಾಪಕರೊಡನೆ ಮುಂದಿನ ಸಲ ಇಲ್ಲಿಂದ ವಾದ ಆರಂಭಿಸಿರಿ.

ಪ್ರಶ್ನೆ: ಉತ್ತರ ಐರ್ಲೆಂಡಿನ ಗಡಿಯ ವಿಷಯದಲ್ಲಿ ಅಷ್ಟೊಂದು ಕಗ್ಗಂಟು ಏಕಾಯಿತು? ಗಡಿ ಎಂದ ಮೇಲೆ ತಪಾಸಣೆ ಇರುವುದು ಸಹಜವಲ್ಲವೇ?
– ಓದುಗರೊಬ್ಬರು, ನಿಪ್ಪಾಣಿ

ಉತ್ತರ: ನೀವು ಸಂತೆಗೋ ಆಸ್ಪತ್ರೆಗೋ ಕಾಗಲ, ಕೊಲ್ಲಾಪುರಗಳಿಗೆ ಹೋಗಿ ಸಂಜೆಗೆ ಮರಳುವವರು. ಕೊಗನೊಳ್ಳಿಯ ತಪಾಸಣಾ ಠಾಣೆಯಲ್ಲಿ ಕೊರೊನಾ ಕಾಲದಲ್ಲಿ ತಡೆ ಬಿದ್ದಾಗ ಎರಡೂ ಕಡೆಯ ಸಂಸಾರಗಳು ಪಟ್ಟ ಪಾಡನ್ನು ನೆನೆಸಿಕೊಂಡರೆ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಸ್ವತಂತ್ರ ದೇಶವಾದ ಐರ್ಲೆಂಡಿಗೂ ನಡುವಿನ ಸುಮಾರು 500 ಕಿಲೋಮೀಟರ್ ಉದ್ದದ ಗಡಿಯವರ ಆತಂಕ ತಿಳಿಯುತ್ತದೆ. ಅಲ್ಲಿ ಇನ್ನೂ ಒಂದು ಭಾರವಿದೆ. ಬ್ರಿಟನ್ನಿನಲ್ಲಿ ಉಳಿಯಬೇಕೆನ್ನುವವರಿಗೂ ಐರ್ಲೆಂಡ್ ಸೇರಬೇಕೆನ್ನುವವರಿಗೂ ನಡುವೆ ನಡೆದ ಮೂವತ್ತು ವರ್ಷಗಳ ಹಿಂಸಾಚಾರದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತ ಮೇಲೆ, 1998ರ ಏಪ್ರಿಲ್ 10ರ ಒಪ್ಪಂದದಿಂದ ಶಾಂತಿ ನೆಲೆಸಿತು. ಬ್ರಿಟನ್ ಮತ್ತು ಐರ್ಲೆಂಡ್ ಎರಡೂ ಐರೋಪ್ಯ ಒಕ್ಕೂಟದಲ್ಲಿದ್ದುದರಿಂದ ಗಡಿಯಲ್ಲಿ ಸುಂಕದ ಕಟ್ಟೆಯೇ ಬೇಕಿರಲಿಲ್ಲ, ಶಾಂತಿಯೊಂದಿಗೆ ಸೈನ್ಯದ ಕಾವಲೂ ಹೋಯಿತು. ಬ್ರಿಟನ್ನು ಸುಂಕದ ಒಕ್ಕೂಟದಿಂದ ಹೊರಬಂದರೆ ಸರಕುಗಳನ್ನು ಎಲ್ಲಾದರೂ ಒಂದು ಕಡೆ ತಪಾಸಿಸಲೇಬೇಕಾಗುತ್ತದೆ. ನೆಲದ ಗಡಿಯಲ್ಲಿ ಬೇಡವೆಂದರೆ ಬ್ರಿಟನ್ ದ್ವೀಪ ಮತ್ತು ಉತ್ತರ ಐರ್ಲೆಂಡಿನ ನಡುವಿನ ಸಮುದ್ರದಲ್ಲಿ. ಮೇ ಅವರು ಇಡೀ ದೇಶವನ್ನೇ ತಾತ್ಕಾಲಿಕವಾಗಿ ಸುಂಕದ ಒಕ್ಕೂಟದಲ್ಲಿರಿಸಲು ಹೊರಟು ಸೋತರು. ಜಾನ್ಸನ್ ಅವರು ತಪಾಸಣೆಯನ್ನು ಸಮುದ್ರಕ್ಕೆ ಸರಿಸಿದರು. ಇದರಿಂದ ತಮ್ಮನ್ನು ದೇಶದಿಂದ ಬೇರ್ಪಡಿಸಿದಂತಾಯಿತು ಎಂದು ಬ್ರಿಟನ್ನಿನೊಂದಿಗೇ ಇರಬೇಕೆನ್ನುವ ಅಲ್ಲಿನ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷ ಮುನಿದು, 2022ರ ಫೆಬ್ರವರಿಯಿಂದ ಎರಡು ವರ್ಷ ಪ್ರಾಂತ್ಯದ ಸರ್ಕಾರದಿಂದ ದೂರ ಉಳಿಯಿತು. ಬ್ರಿಟನ್ ಮತ್ತು ಒಕ್ಕೂಟ ಒಪ್ಪಿಕೊಂಡ 2023ರ ವಿಂಡ್ಸರ್ ಸೂತ್ರ ತಪಾಸಣೆಯನ್ನು ಸಡಿಲಿಸಿತು, ತೆಗೆದುಹಾಕಲಿಲ್ಲ.

1998ರ ಶಾಂತಿ ಒಪ್ಪಂದವನ್ನೂ ಜನಮತಗಣನೆಗೆ ಹಾಕಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು. ಅದರ ಪೂರ್ಣ ಪಠ್ಯವನ್ನು ಮತದಾನಕ್ಕೆ ಮುಂಚೆಯೇ ಉತ್ತರ ಐರ್ಲೆಂಡಿನ ಮನೆಮನೆಗೂ ಕಳುಹಿಸಲಾಗಿತ್ತು. ಶೇ. 71ರಷ್ಟು ಮಂದಿ ಹೌದೆಂದರು. ತಾವು ಒಪ್ಪಿದ್ದು ಏನನ್ನು ಎಂಬುದು ಅವರ ಕೈಯಲ್ಲಿದ್ದ ಹಾಳೆಯಲ್ಲಿತ್ತು. 2016ರಲ್ಲಿ ಹಾಗೆ ಕೈಗಿಡಬಹುದಾದ ಒಪ್ಪಂದವೇ ಹುಟ್ಟಿರಲಿಲ್ಲ.

ಪ್ರಶ್ನೆ: ಭಾರತವೂ 2019ರಲ್ಲಿ ಏಷ್ಯಾದ ದೊಡ್ಡ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿಯಿತು. ನಾವು ಹಾಲು ಉತ್ಪಾದಕರು ಅದನ್ನು ಸ್ವಾಗತಿಸಿದೆವು. ಇದೂ ಅದೇ ಬಗೆಯದೇ?
– ಹೈನುಗಾರರೊಬ್ಬರು, ಗೋಕಾಕ

ಉತ್ತರ: ಅಲ್ಲ. ಬ್ರಿಟನ್ನು 1973ರಿಂದ ವಾಸಿಸಿದ್ದ ಮನೆಯನ್ನು ಬಿಟ್ಟಿತು, ಭಾರತ ಆರ್‌ಸಿಇಪಿ ಎಂಬ ಆ ಒಪ್ಪಂದದ ಹೊಸ್ತಿಲು ದಾಟಲೇ ಇಲ್ಲ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಸೇರುವುದಿಲ್ಲವೆಂದು ಪ್ರಧಾನಿ ತಿಳಿಸಿದರು, ಉಳಿದ ಹದಿನೈದು ದೇಶಗಳು ಮರುವರ್ಷ ಸಹಿ ಹಾಕಿದವು. ನ್ಯೂಜಿಲೆಂಡಿನ ಹಾಲಿನ ಪುಡಿ ಅಗ್ಗವಾಗಿ ಬಂದರೆ ಎರಡು ಮೂರು ಎಮ್ಮೆಗಳಿಂದ ಮನೆ ನಡೆಸುವವರ ಗತಿಯೇನು ಎಂಬ ನಿಮ್ಮ ಭಯ ಸಕಾರಣವಾಗಿತ್ತು. ಕಾಂಗ್ರೆಸ್, ರೈತ ಸಂಘಟನೆಗಳು, ಸ್ವದೇಶಿ ಜಾಗರಣ ಮಂಚ್ ಎಲ್ಲರೂ ವಿರೋಧಿಸಿದ್ದರಿಂದ ಅಲ್ಲಿನಂಥ ಒಡಕು ಇಲ್ಲಿ ಕಾಣಲಿಲ್ಲ. ಆದರೂ ಒಂದು ಮಾತು ನನ್ನನ್ನು ಕಾಡುತ್ತದೆ. ಬ್ರಿಟನ್ನಿನಲ್ಲಿ ಸಂಸದರು ಕಿತ್ತಾಡಿದರೂ ಪ್ರತಿಯೊಬ್ಬರ ಮತ ದಾಖಲಾಗಿದೆ. ನಮ್ಮಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಲು ಕೇಂದ್ರ ಸರ್ಕಾರ ಸಂಸತ್ತಿನ ಒಪ್ಪಿಗೆ ಪಡೆಯಬೇಕಾಗಿಲ್ಲ, ಕೃಷಿ ರಾಜ್ಯಗಳ ವಿಷಯವಾಗಿದ್ದರೂ ರಾಜ್ಯಗಳ ಒಪ್ಪಿಗೆಯೂ ಬೇಕಿಲ್ಲ. ಅಂದು ನಿರ್ಧಾರ ನಿಮಗೆ ಅನುಕೂಲವಾಗಿ ಬಂತು. ನಾಳೆ ಹಾಗೆ ಬರದಿದ್ದರೆ ನಿಮ್ಮ ಸಂಸದರು ಯಾವ ಕಡೆ ನಿಂತರು ಎಂದು ಕೇಳಲು ನಿಮ್ಮಲ್ಲಿ ದಾಖಲೆಯೇ ಇರುವುದಿಲ್ಲ. ಇಂಥ ಒಪ್ಪಂದಗಳು ಲೋಕಸಭೆಯ ಮತಕ್ಕೆ ಬರಬೇಕೆಂದು ನೀವು ಒತ್ತಾಯಿಸಬೇಕು.

ಪ್ರಶ್ನೆ: ಅವರ ಜಗಳದಿಂದ ನಮ್ಮ ದ್ರಾಕ್ಷಿಗೆ ಏನಾದರೂ ವ್ಯತ್ಯಾಸ ಆಗಿದೆಯೇ? ಹಣ್ಣನ್ನು ಹೊರದೇಶಕ್ಕೆ ಕಳಿಸುವ ವಿಚಾರವಿದೆ.
– ದ್ರಾಕ್ಷಿ ಬೆಳೆಗಾರರೊಬ್ಬರು, ತಿಕೋಟಾ

ಉತ್ತರ: ಆಗಿದೆ, ಆದರೆ ಹಣ್ಣಿಗಿಂತ ಹೆಚ್ಚಾಗಿ ಕಾಗದಪತ್ರದಲ್ಲಿ. ಮೊದಲು ಲಂಡನ್ನಿಗೂ ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್ ಬಂದರಿಗೂ ಹಣ್ಣಿನಲ್ಲಿ ಉಳಿಯಬಹುದಾದ, ಬೆಳೆಗೆ ಸಿಂಪಡಿಸುವ ಔಷಧಿಯ ಅಂಶಕ್ಕೆ ಒಂದೇ ಮಿತಿ ಇತ್ತು. ಹೊರಬಂದಾಗ ಬ್ರಿಟನ್ನು ಆ ಮಿತಿಗಳನ್ನೇ ಉಳಿಸಿಕೊಂಡಿತು, ಆದರೆ 2021ರಿಂದ ಅವುಗಳನ್ನು ತಾನೇ ಬದಲಿಸುತ್ತ ಬಂದಿದ್ದರಿಂದ ಎರಡೂ ಕಡೆಯ ಪಟ್ಟಿಗಳನ್ನು ನೋಡಬೇಕಾಯಿತು. ಇನ್ನೊಂದು ಬೆಳವಣಿಗೆ ಇದೆ. ಒಕ್ಕೂಟಕ್ಕೆ ಮರಳಿ ಸೇರುವುದಿಲ್ಲವೆಂದ ಬ್ರಿಟನ್ನಿನ ಕೀರ್ ಸ್ಟಾರ್ಮರ್ ಸರ್ಕಾರವೇ, ಆಹಾರ ಮತ್ತು ಸಸ್ಯಗಳ ಸುರಕ್ಷತೆಯ ನಿಯಮಗಳಲ್ಲಿ ಮತ್ತೆ ಒಕ್ಕೂಟದೊಂದಿಗೆ ಹೊಂದಿಕೊಳ್ಳುವ ಒಪ್ಪಂದ ಮಾಡಿಕೊಳ್ಳಲು 2025ರ ಮೇ 19ರಂದು ಸಮ್ಮತಿಸಿತು. ಹೊರಗೆ ಹೋದವರು ಈ ಒಂದು ವಿಷಯದಲ್ಲಿ ನಾರ್ವೆಯ ದಾರಿಯ ಕಡೆಗೆ ತಿರುಗಿದ್ದಾರೆ. ಅದು ಜಾರಿಗೆ ಬಂದರೆ ನೀವು ಮತ್ತೆ ಬಹುಮಟ್ಟಿಗೆ ಒಂದೇ ಪಟ್ಟಿಯನ್ನು ಅನುಸರಿಸಬಹುದು.

2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದ ಸುಂಕವನ್ನು ಇಳಿಸುವಂಥದ್ದು, ಔಷಧಿಯ ಅಂಶದ ಪರೀಕ್ಷೆಯನ್ನು ಅದು ಮನ್ನಾ ಮಾಡುವುದಿಲ್ಲ. ಆದ್ದರಿಂದ ಹಂಗಾಮಿಗೆ ಮೊದಲೇ ನಿಮ್ಮ ತೋಟವನ್ನು ತೋಟಗಾರಿಕೆ ಇಲಾಖೆಯ ಮೂಲಕ ಕೇಂದ್ರದ ಕೃಷಿ ರಫ್ತು ಸಂಸ್ಥೆಯಾದ ಅಪೇಡಾದ ಗ್ರೇಪ್‌ನೆಟ್ ಎಂಬ ದ್ರಾಕ್ಷಿ ತೋಟಗಳ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಿರಿ, ಯಾವ ಔಷಧಿಯನ್ನು ಯಾವ ದಿನ ಎಷ್ಟು ಸಿಂಪಡಿಸಿದಿರಿ ಎಂಬುದನ್ನು ತಪ್ಪದೆ ಬರೆದಿಡಿರಿ, ಹಣ್ಣು ಬ್ರಿಟನ್ನಿಗೆ ಹೋಗುತ್ತದೆಯೋ ಒಕ್ಕೂಟದ ದೇಶಗಳಿಗೆ ಹೋಗುತ್ತದೆಯೋ ಎಂಬುದನ್ನು ಕೊಯ್ಲಿಗೆ ಬಹಳ ಮುಂಚೆಯೇ ರಫ್ತುದಾರರಿಂದ ಬರವಣಿಗೆಯಲ್ಲಿ ಪಡೆಯಿರಿ.