ಫಾದರ್ ಮಿಗೆಲ್ ಪ್ರೊ ಬಾಂಬ್ ಪ್ರಕರಣದ ಆರೋಪಿಯಲ್ಲವೇ? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪತ್ರ: ಕಳೆದ ಸಂಚಿಕೆಯಲ್ಲಿ ಮೆಕ್ಸಿಕೋದ ಫಾದರ್ ಮಿಗೆಲ್ ಪ್ರೊ ಅವರನ್ನು ರಕ್ತಸಾಕ್ಷಿ ಎಂದು ಬರೆದಿದ್ದೀರಿ. ಅವರನ್ನು ಕೊಂದದ್ದು ಬಾಂಬ್ ಪ್ರಕರಣದಲ್ಲಿ ಅಲ್ವಾ? ಪಿತೂರಿ ಮಾಡಿದವರಿಗೂ ಧರ್ಮಕ್ಕಾಗಿ ಸತ್ತವರಿಗೂ ವ್ಯತ್ಯಾಸ ಬೇಡವೇ? (ಓದುಗರೊಬ್ಬರು, ಹಾಸನ)

ಉತ್ತರ: ವ್ಯತ್ಯಾಸ ಬೇಕೇ ಬೇಕು. ಹಾಗಾಗಿ ಆ ಪ್ರಕರಣದಿಂದಲೇ ಶುರು ಮಾಡುತ್ತೇನೆ.

1927ರ ನವೆಂಬರ್ 13ರಂದು ಮೆಕ್ಸಿಕೋ ನಗರದಲ್ಲಿ ಮಾಜಿ ಅಧ್ಯಕ್ಷ ಜನರಲ್ ಆಲ್ವಾರೊ ಒಬ್ರೆಗಾನ್ ಅವರ ಕಾರಿನ ಮೇಲೆ ಬಾಂಬ್ ಬಿತ್ತು. ಅವರು ಬದುಕಿಕೊಂಡರು. ದಾಳಿ ಮಾಡಿದವರು ಬಂದ ಕಾರು ಹಿಂದೆ ಪ್ರೊ ಅವರ ತಮ್ಮಂದಿರಲ್ಲಿ ಒಬ್ಬರ ಬಳಿ ಇತ್ತು. ಅಷ್ಟು ಸಿಕ್ಕಿದ್ದೇ ಪೊಲೀಸರು ಮಿಗೆಲ್, ಅವರ ತಮ್ಮಂದಿರಾದ ಉಂಬೆರ್ತೊ, ರೊಬೆರ್ತೊ ಮೂವರನ್ನೂ ಹಿಡಿದರು. ಯೋಜನೆ ತನ್ನದು ಎಂದು ಲೂಯಿಸ್ ಸೆಗುರಾ ವಿಲ್ಚಿಸ್ ಎಂಬ ಎಂಜಿನಿಯರ್ ಒಪ್ಪಿಕೊಂಡರು. ಆದರೂ ಪಾದ್ರಿಯನ್ನು ಬಿಡಲಿಲ್ಲ. ಕೋರ್ಟಿಗೂ ಹಾಜರುಪಡಿಸಲಿಲ್ಲ. ನವೆಂಬರ್ 23ರ ಬೆಳಿಗ್ಗೆ ಪೊಲೀಸ್ ಕೇಂದ್ರ ಕಚೇರಿಯ ಅಂಗಳಕ್ಕೆ ಕರೆದುಕೊಂಡು ಹೋಗಿ ಗುಂಡು ಹಾರಿಸಿದರು. ಸಾಕ್ಷಿ ಇದ್ದಿದ್ದರೆ ವಿಚಾರಣೆ ನಡೆಸಲು ಸರ್ಕಾರಕ್ಕೆ ಏನು ಕಷ್ಟವಿತ್ತು, ಹೇಳಿ?

ತಮ್ಮಂದಿರಿಬ್ಬರೂ ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಸಂಘಟನೆಯಲ್ಲಿ ಇದ್ದದ್ದು ನಿಜ. ಹಳ್ಳಿಗಳಲ್ಲಿ ಕ್ರಿಸ್ತೆರೊಗಳು, ಅಂದರೆ ಸರ್ಕಾರದ ವಿರುದ್ಧ ದಂಗೆಯೆದ್ದ ಕಥೋಲಿಕರು, ಬಂದೂಕು ಹಿಡಿದಿದ್ದೂ ನಿಜ. ಆದರೆ ಮಿಗೆಲ್ ದಿನವಿಡೀ ಮಾಡುತ್ತಿದ್ದದ್ದು ಬೇರೆಯೇ ಕೆಲಸ. ಅವರು ಯೇಸುಸಭೆ (ಜೆಸ್ವಿಟ್) ಎಂಬ ಕಥೋಲಿಕ ಸನ್ಯಾಸಿ ಸಂಘದವರು. 1914ರಲ್ಲೇ ದೇಶ ಬಿಡಬೇಕಾಯಿತು. ಕೊನೆಗೆ 1925ರಲ್ಲಿ ಬೆಲ್ಜಿಯಂನಲ್ಲಿ ಗುರುದೀಕ್ಷೆ ಆಯಿತು. ಹೊಟ್ಟೆಯ ಕಾಯಿಲೆಗೆ ಅಲ್ಲೇ ಮತ್ತೆ ಮತ್ತೆ ಆಪರೇಷನ್ ಆಯಿತು, ಆ ಸೊರಗಿದ ದೇಹದಲ್ಲೇ 1926ರ ಜುಲೈನಲ್ಲಿ ಊರಿಗೆ ಮರಳಿದರು. ಅದೇ ತಿಂಗಳ ಕೊನೆಗೆ ಅಧ್ಯಕ್ಷ ಕಾಯೆಸ್ ಅವರ ಕಾನೂನು ಜಾರಿಗೆ ಬಂತು. ಪಾದ್ರಿಗಳು ನಿಲುವಂಗಿ ತೊಟ್ಟು ಬೀದಿಗೆ ಬಂದರೆ ದಂಡ, ಸರ್ಕಾರವನ್ನು ಟೀಕಿಸಿದರೆ ಜೈಲು. ಇದನ್ನು ವಿರೋಧಿಸಿ ಧರ್ಮಾಧ್ಯಕ್ಷರು (ಬಿಷಪ್‌ಗಳು) ಚರ್ಚುಗಳಲ್ಲಿ ಪೂಜೆಯನ್ನೇ ನಿಲ್ಲಿಸಿದರು. ಚರ್ಚಿನ ಆಸ್ತಿ, ಅಧಿಕಾರದ ಬಗ್ಗೆ ಮೆಕ್ಸಿಕೋದಲ್ಲಿ ಹಳೆಯ ಸಿಟ್ಟು ಇತ್ತು, ಅದಕ್ಕೆ ಕಾರಣಗಳೂ ಇದ್ದವು. ಆದರೆ ಸಾಯುತ್ತಿರುವ ಮುದುಕಿಯೊಬ್ಬಳು ಪಾಪನಿವೇದನೆ ಮಾಡಲು ಒಬ್ಬ ಪಾದ್ರಿಯನ್ನು ಕೇಳಿದರೆ ಅದರಲ್ಲಿ ಯಾವ ಆಸ್ತಿ, ಯಾವ ಅಧಿಕಾರ?

ಅಂಥವರ ಮನೆಗಳಿಗೆ ಪ್ರೊ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ಒಮ್ಮೆ ಮೆಕ್ಯಾನಿಕ್ ವೇಷ, ಇನ್ನೊಮ್ಮೆ ಸೂಟು ಹಾಕಿದ ಶೋಕಿ ಯುವಕ. ಮನೆಗಳಲ್ಲೇ ಗುಟ್ಟಾಗಿ ಪರಮಪ್ರಸಾದ ಕೊಡುತ್ತಿದ್ದರು, ಬಡ ಕುಟುಂಬಗಳಿಗೆ ದಿನಸಿ ಹೊಂದಿಸುತ್ತಿದ್ದರು. ತುಂಬಾ ನಗಿಸುವ ಮನುಷ್ಯ ಬೇರೆ. ನನಗೆ ಅವರು ಇಷ್ಟವಾಗುವುದು ಇಲ್ಲಿಯೇ, ಸಾವಿನ ಫೋಟೋಗಿಂತ ಜಾಸ್ತಿ.

ಆ ಫೋಟೋ ತೆಗೆಸಿದ್ದು ಕೂಡ ಸರ್ಕಾರವೇ. ಪತ್ರಕರ್ತರನ್ನು, ಛಾಯಾಗ್ರಾಹಕರನ್ನು ಕರೆಸಿದ್ದರು, ಎಲ್ಲರಿಗೂ ಪಾಠವಾಗಲಿ ಎಂದು. ಪ್ರೊ ಪ್ರಾರ್ಥನೆಗೆ ಸ್ವಲ್ಪ ಸಮಯ ಕೇಳಿ ಮೊಣಕಾಲೂರಿದರು. ಕಣ್ಣಿಗೆ ಬಟ್ಟೆ ಬೇಡ ಎಂದರು. ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಜಪಸರ ಹಿಡಿದು ತೋಳು ಚಾಚಿ ನಿಂತು, ಕ್ರಿಸ್ತರಾಜನಿಗೆ ಜಯವಾಗಲಿ ಎಂದರು. ಆಗ ಅವರಿಗೆ 36 ವರ್ಷ. ಪಾಠ ತಿರುಗುಬಾಣವಾಯಿತು: ಶವಯಾತ್ರೆಗೆ ಸಾವಿರಾರು ಜನ ಸೇರಿದರು, ಫೋಟೋಗಳು ಮನೆಮನೆಗೆ ಹೋದವು.

ಅದೇ ದಿನ ಅದೇ ಅಂಗಳದಲ್ಲಿ ಸೆಗುರಾ ವಿಲ್ಚಿಸ್ ಅವರನ್ನೂ ಕೊಂದರು. ಅವರೂ ದೈವಭಕ್ತ ಕಥೋಲಿಕರೇ, ಧೈರ್ಯವಂತರೂ ಹೌದು. ಆದರೆ ಒಬ್ಬರನ್ನು ಕೊಲ್ಲಲು ಹೊರಟವರು. 1988ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ರಕ್ತಸಾಕ್ಷಿ ಎಂದು ಗೌರವಿಸಿದ್ದು ಪ್ರೊ ಅವರನ್ನು, ಸೆಗುರಾ ಅವರನ್ನಲ್ಲ. ನೀವು ಕೇಳುವ ವ್ಯತ್ಯಾಸವನ್ನು ಚರ್ಚು ಮಾಡಿದೆ, ನಮ್ಮ ಲೇಖನವೂ ಮಾಡಿದೆ.