ಗಾಡಿ ಮಾತು: ಮಗನ ಕಾರಿನ ಬಾಗಿಲ ಮೇಲೆ ಹಾಡುವ ಹುಡುಗಿ

ಪ್ರಶ್ನೆ: ನನ್ನ ಮಗ ಜಪಾನಿನ ಹಮಾಮತ್ಸುವಿನಲ್ಲಿ ಎಂಜಿನಿಯರ್. ವಯಸ್ಸು 29. ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಕಾರು ತಗೊಂಡೆ ಅಂದಾಗ ಖುಷಿಯಾಗಿತ್ತು. ಈಗ ಅದರ ಫೋಟೊ ಕಳಿಸಿದ್ದಾನೆ. ಎರಡೂ ಪಕ್ಕದ ಬಾಗಿಲ ತುಂಬ ಒಂದು ಕಾರ್ಟೂನ್ ಹುಡುಗಿ! ಕಿತ್ತಳೆ ಬಣ್ಣದ ಕೂದಲು, ಕಿವಿ ಹತ್ತಿರ ಒಂದು ಸಣ್ಣ ಜಡೆ, ಕೈಯಲ್ಲಿ ಮೈಕು. ಹೆಸರು ಚಿಕಾ ಅಂತೆ. ನಾವು ಇವನಿಗೆ ಹೆಣ್ಣು ನೋಡುತ್ತಿದ್ದೇವೆ. ಈ ಫೋಟೊ ಯಾರಿಗೆ ತೋರಿಸಲಿ? ಪೊಲೀಸರು ಹಿಡಿಯಲ್ವಾ? ನೀವು ಆ ಕಡೆ ಇದ್ದು ಬಂದವರು, ಸ್ವಲ್ಪ ಹೇಳಿ.
— ಒಬ್ಬ ತಾಯಿ

ಉತ್ತರ: ಅಮ್ಮಾ, ಮೊದಲು ಸಮಾಧಾನ ಮಾಡಿಕೊಳ್ಳಿ. ಇಂಥ ಕಾರಿಗೆ ಅಲ್ಲಿ ಇತಾಶಾ ಅಂತಾರೆ. ನಾನು ಶಿಜುಓಕ ಪ್ರಾಂತ್ಯದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಇದ್ದಾಗ ನಮ್ಮ ಪಾರ್ಕಿಂಗ್‌ನಲ್ಲೇ ಒಂದು ನಿಲ್ಲುತ್ತಿತ್ತು. ಅದರ ಮಾಲೀಕ ವೆಲ್ಡಿಂಗ್ ವಿಭಾಗದ ಹಿರಿಯ, ಇಬ್ಬರು ಮಕ್ಕಳ ಅಪ್ಪ. ಭಾರಿ ಶಿಸ್ತಿನ ಮನುಷ್ಯ. ಕಾರಿನ ಮೇಲೆ ಮಾತ್ರ ಗುಲಾಬಿ ರಿಬ್ಬನ್ನಿನ ಹುಡುಗಿ.

ನಿಮ್ಮ ಮಗನ ಚಿಕಾ 'ಲವ್ ಲೈವ್! ಸನ್‌ಶೈನ್' ಎಂಬ ಆನಿಮೆಯವಳು, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿಯವಳು. 2016ರಲ್ಲಿ ಟಿವಿಗೆ ಬಂತು. ಒಂಬತ್ತು ಹುಡುಗಿಯರು 'ಅಕ್ವಾ' ಅನ್ನೋ ಹಾಡು-ಕುಣಿತದ ತಂಡ ಕಟ್ಟಿ, ಮುಚ್ಚಿಹೋಗಲಿರುವ ಶಾಲೆಯನ್ನು ಉಳಿಸಲು ಹೆಣಗುವ ಕಥೆ. ಕಥೆ ನಡೆಯುವುದು ಎಲ್ಲೋ ಕಲ್ಪನೆಯ ಊರಲ್ಲಲ್ಲ, ನುಮಜುವಿನಲ್ಲಿ. ಅದೂ ಶಿಜುಓಕದ್ದೇ ಪಟ್ಟಣ. ಹಮಾಮತ್ಸುವಿನಿಂದ ರೈಲಿನಲ್ಲಿ ಸುಮಾರು 130 ಕಿ.ಮೀ. ಚಿಕಾಳ ಮನೆಯವರು ಉಚಿಉರ ಎಂಬ ಕಡಲ ತೀರದಲ್ಲಿ ತಂಗುಮನೆ ನಡೆಸುತ್ತಾರೆ. ಅದಕ್ಕೆ ಮಾದರಿಯಾದ ನಿಜವಾದ ತಂಗುಮನೆ ಅಲ್ಲೇ ಇದೆ, ಅಭಿಮಾನಿಗಳು ಹೋಗಿ ಉಳಿದು ಬರುತ್ತಾರೆ. ಆ ಊರಿನ ಟ್ಯಾಕ್ಸಿ, ಬಸ್ಸುಗಳ ಮೇಲೂ ಈ ಹುಡುಗಿಯರ ಚಿತ್ರ ಅಂಟಿಸಿ ಓಡಿಸಿದ್ದಾರೆ. ಇಜು-ಹಕೊನೆ ರೈಲ್ವೆಯ ಬೋಗಿಗಳನ್ನೂ ಬಿಟ್ಟಿಲ್ಲ. ನಿಮ್ಮ ಮಗ ಊರಿನವರು ಬಸ್ಸಿಗೆ ಮಾಡಿದ್ದನ್ನು ಕಾರಿಗೆ ಮಾಡಿದ್ದಾನೆ, ಅಷ್ಟೇ.

ಪೊಲೀಸರ ವಿಷಯ. ಬಾಗಿಲು, ಬಾನೆಟ್, ಹಿಂದಿನ ಗಾಜು, ಹಿಂಬದಿ ಸೀಟಿನ ಪಕ್ಕದ ಗಾಜು, ಇವುಗಳ ಮೇಲೆ ಚಿತ್ರ ಇದ್ದರೆ ತೊಂದರೆ ಇಲ್ಲ. ಮುಂದಿನ ಗಾಜು ಮತ್ತು ಡ್ರೈವರ್ ಸಾಲಿನ ಎರಡು ಪಕ್ಕದ ಗಾಜು ಮಾತ್ರ ಖಾಲಿ ಇರಬೇಕು. ಲೈಟು ಮುಚ್ಚಬಾರದು. ಎರಡು ವರ್ಷಕ್ಕೊಮ್ಮೆ ಬರುವ ಶಾಕೆನ್ ತಪಾಸಣೆಯಲ್ಲಿ ಇದನ್ನೆಲ್ಲ ನೋಡುತ್ತಾರೆ. ಫೋಟೊ ಇನ್ನೊಮ್ಮೆ ನೋಡಿ, ಕೂದಲ ತುದಿ ಡ್ರೈವರ್ ಸಾಲಿನ ಗಾಜಿನ ಮೇಲೆ ಬಂದಿದ್ದರೆ ಅಷ್ಟು ಕತ್ತರಿಸೋಕೆ ಹೇಳಿ.

ನನಗೆ ಹಿಡಿಸದ ಬಗೆಯೂ ಒಂದಿದೆ. ಅರೆಬರೆ ಬಟ್ಟೆಯ ಚಿತ್ರ ಅಂಟಿಸಿ ಶಾಲೆ ಮುಂದೆ ಗಾಡಿ ನಿಲ್ಲಿಸುವವರು. ಮೈಕು ಹಿಡಿದು ಹಾಡುವ ಹುಡುಗಿಗೆ ಆ ದೋಷ ಇಲ್ಲ ಬಿಡಿ. ಇನ್ನು ಫೋಟೊ ಮುಚ್ಚಿಡಬೇಡಿ. ಹುಡುಗಿ ಮನೆಯವರಿಗೆ ಮದುವೆ ಆದಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗಲಿ. ಯಾರಿಗೆ ಗೊತ್ತು, ಹುಡುಗಿಗೂ ಚಿಕಾ ಇಷ್ಟ ಇರಬಹುದು.

ಪ್ರಶ್ನೆ: ಸರ್, ಇಷ್ಟೆಲ್ಲ ದುಡ್ಡು ಹಾಕುವವರು ಒಂದು ಸ್ಪೋರ್ಟ್ಸ್ ಕಾರ್ ತಗೊಂಡು ಅದಕ್ಕೆ ಅಂಟಿಸಬಹುದಲ್ವಾ? ಸಣ್ಣ ಕಾರೇ ಯಾಕೆ?
— ಒಬ್ಬ ಕಾಲೇಜು ವಿದ್ಯಾರ್ಥಿ

ಉತ್ತರ: ಸ್ಪೋರ್ಟ್ಸ್ ಕಾರಿಗೂ ಅಂಟಿಸುತ್ತಾರೆ ಮರಿ. ಆದರೆ ಸಂಬಳ ಒಂದೇ ಇರುತ್ತದೆ. ಅದರಲ್ಲಿ ಕಾರಿಗೆ ಎಷ್ಟು, ಹುಡುಗಿಗೆ ಎಷ್ಟು ಅನ್ನೋದು ಲೆಕ್ಕ. ಜಪಾನಿನ ಕೇಯಿ ಕಾರು ಗೊತ್ತಲ್ಲ, ಹಳದಿ ನಂಬರ್ ಪ್ಲೇಟಿನದು. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ ಮೀರುವಂತಿಲ್ಲ. 2015ರ ಏಪ್ರಿಲ್ ನಂತರ ನೋಂದಣಿಯಾದ ಸ್ವಂತ ಬಳಕೆಯ ಕೇಯಿಗೆ ವರ್ಷದ ತೆರಿಗೆ 10,800 ಯೆನ್. ಸ್ವಿಫ್ಟ್‌ನಂಥ 1.2 ಲೀಟರ್ ಕಾರಿಗೆ 30,000 ದಾಟುತ್ತದೆ. ಹೀಗೆ ಉಳಿದದ್ದು ಚಿತ್ರ ಮುದ್ರಿಸಿ ಕಾರಿಗೆ ಅಂಟಿಸುವ ಫಿಲ್ಮಿಗೆ ಹೋಗುತ್ತದೆ. ಎರಡೂ ಪಕ್ಕ ಮತ್ತು ಬಾನೆಟ್ ಸೇರಿಸಿ ಅಂಗಡಿಯಲ್ಲಿ ಮಾಡಿಸಿದರೆ ಖರ್ಚು ಲಕ್ಷಗಟ್ಟಲೆ ಯೆನ್. ಹಳೇ ಆಲ್ಟೊ ಕಾರಿನ ಬೆಲೆಗಿಂತ ಅದರ ಮೈಮೇಲಿನ ಚಿತ್ರದ ಬೆಲೆ ಜಾಸ್ತಿ ಆಗುವುದುಂಟು.

ಚಿತ್ರಕ್ಕೆ ಎಲ್ಲಕ್ಕಿಂತ ಒಳ್ಳೆಯ ಗಾಡಿ ನನ್ನ ಕೇಳಿದರೆ ಸುಜುಕಿ ಎವರಿ ವ್ಯಾನು. ಓಡಿಸೋಕೆ ಬೋರು. ಆದರೆ ಪಕ್ಕ ಗೋಡೆಯ ಹಾಗೆ ನೇರ. ನಿಂತ ಭಂಗಿಯ ಹುಡುಗಿ ಪಾದದಿಂದ ತಲೆವರೆಗೆ ಹಿಡಿಸುತ್ತಾಳೆ. ದುಡ್ಡು ಒಂದೇ ಪಕ್ಕಕ್ಕೆ ಸಾಲುವುದಾದರೆ ಎಡಪಕ್ಕ ಮಾಡಿಸಬೇಕು. ಅಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಹೋಗುತ್ತವೆ, ಫುಟ್‌ಪಾತ್‌ನವರಿಗೆ ಕಾಣುವುದು ಅದೇ.

ಪ್ರಶ್ನೆ: ನಾನು ಸ್ಟಿಕ್ಕರ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಜಪಾನಿನ ಕಾರುಗಳಲ್ಲಿ ಮುಖ ಎಲ್ಲೂ ಸೊಟ್ಟಗಾಗಿರಲ್ಲ, ಗುಳ್ಳೆ ಇರಲ್ಲ. ಹೇಗೆ ಮಾಡ್ತಾರೆ? ಚಿತ್ರ ಎಲ್ಲಿಂದ ತರ್ತಾರೆ?

ಉತ್ತರ: ಫಿಲ್ಮು, ಪ್ರಿಂಟರ್, ಲ್ಯಾಮಿನೇಷನ್, ಸ್ಕ್ವೀಜಿ, ಹೀಟ್ ಗನ್ನು, ಎಲ್ಲ ನಿಮ್ಮ ಹತ್ತಿರ ಇರುವಂಥದ್ದೇ. ಅಂಟಿನ ಕಡೆ ಗಾಳಿ ಹೋಗಲು ಸಣ್ಣ ಗೆರೆಗಳಿರುವ ಫಿಲ್ಮು ಬಳಸುತ್ತಾರೆ, ಗುಳ್ಳೆಯ ಗುಟ್ಟು ಅರ್ಧ ಅದೇ. ಉಳಿದದ್ದು ಅಂಟಿಸುವ ಮೊದಲಿನ ತಲೆಕೆಲಸ. ಕಾರಿನ ಪಕ್ಕದ ಫೋಟೊ ತೆಗೆದು, ಅಳತೆ ಹಿಡಿದು, ಕಂಪ್ಯೂಟರಿನಲ್ಲಿ ಹುಡುಗಿಯನ್ನು ಆಚೀಚೆ ಸರಿಸುತ್ತ ಕೂರುತ್ತಾರೆ. ಎರಡು ಬಾಗಿಲ ನಡುವಿನ ಸಂದು ಮುಖದ ಮೇಲೆ ಬರಬಾರದು. ಹ್ಯಾಂಡಲ್ ಕಣ್ಣಿಗೆ ಚುಚ್ಚಬಾರದು. ಪೆಟ್ರೋಲ್ ಮುಚ್ಚಳ ಕೆನ್ನೆಗೆ ಬಂದರಂತೂ ಮುಗಿಯಿತು, ಪೆಟ್ರೋಲ್ ಹಾಕಿಸಿದಾಗಲೆಲ್ಲ ನಗು. ಸಣ್ಣ ಕಾರಿನಲ್ಲಿ ಬಾಗಿಲು ಚಿಕ್ಕದು, ಉಬ್ಬುತಗ್ಗು ಜಾಸ್ತಿ. ಅದಕ್ಕೇ ಪೂರ್ತಿ ದೇಹ ಬಿಟ್ಟು ಸೊಂಟದ ಮೇಲಿನದನ್ನಷ್ಟೇ ದೊಡ್ಡದಾಗಿ ಇಡುತ್ತಾರೆ. ಹಿಂದಕ್ಕೆ ಜಾರುವ ಬಾಗಿಲಿದ್ದರೆ ಅಂಚು ಉಜ್ಜಿ ಏಳುತ್ತದೆ, ಆ ಅಂಚಿನಲ್ಲಿ ಫಿಲ್ಮನ್ನು ಸ್ವಲ್ಪ ಒಳಗೇ ನಿಲ್ಲಿಸಬೇಕು.

ಈಗ ಅಸಲಿ ಕಷ್ಟ. ಎರಡೂ ಪಕ್ಕದಲ್ಲಿ ಹುಡುಗಿ ಕಾರು ಹೋಗುವ ದಿಕ್ಕಿಗೇ ನೋಡಬೇಕು ಅನ್ನಿ. ಎಡಪಕ್ಕದ ಚಿತ್ರವನ್ನು ಕನ್ನಡಿ ಮಾಡಿ ಬಲಪಕ್ಕಕ್ಕೆ ಹಾಕಿದರೆ ಆಯ್ತು ಅನಿಸುತ್ತದೆ, ಅಲ್ವಾ? ಆಗಲ್ಲ. ಮೇಲೆ ಅಮ್ಮ ಹೇಳಿದ ಚಿಕಾಳನ್ನೇ ತಗೊಳ್ಳಿ. ಅವಳಿಗೆ ಸಣ್ಣ ಜಡೆ ಇರುವುದು ಒಂದೇ ಪಕ್ಕಕ್ಕೆ. ಅದೇ ತಂಡದ ಯೊಶಿಕೊಗೆ ತಲೆಯ ಒಂದು ಬದಿಗೆ ತುರುಬು. ಕನ್ನಡಿ ಮಾಡಿದರೆ ಜಡೆ, ತುರುಬು ಎಲ್ಲ ಆ ಕಡೆಗೆ ಹಾರುತ್ತವೆ. ದಾರಿಹೋಕರಿಗೆ ಏನೂ ಅನಿಸಲ್ಲ. ಅಭಿಮಾನಿ ಮಾತ್ರ ಕಾರಿನ ಮುಂದೆ ನಿಂತು ಮೊದಲು ನೋಡುವುದೇ ಅದನ್ನು! ಹಾಗಾಗಿ ಬಲಪಕ್ಕಕ್ಕೆ ಬೇರೆ ಭಂಗಿಯ ಚಿತ್ರ ಹುಡುಕುತ್ತಾರೆ, ಇಲ್ಲವೇ ಇನ್ನೊಬ್ಬ ಹುಡುಗಿಯನ್ನೇ ಕೂರಿಸುತ್ತಾರೆ.

ಚಿತ್ರದ ಹಕ್ಕು ಸೂಕ್ಷ್ಮ ವಿಷಯ. ಪಾತ್ರ ಕಂಪನಿಯದು. ನಿಮ್ಮಂಥ ಅಂಗಡಿ ದುಡ್ಡು ತಗೊಂಡು ಅದನ್ನು ಮುದ್ರಿಸಿದರೆ ಅದು ವ್ಯಾಪಾರ, ಅನುಮತಿ ಬೇಕು. ಕೆಲವು ಕಂಪನಿಗಳು ನಿಯಮ ಬರೆದಿಟ್ಟಿವೆ. ಹತ್ಸುನೆ ಮಿಕು ಎಂಬ ಹಾಡುವ ಪಾತ್ರದ ಒಡೆಯರಾದ ಕ್ರಿಪ್ಟಾನ್ ಫ್ಯೂಚರ್ ಮೀಡಿಯಾ ಲಾಭದ ಉದ್ದೇಶವಿಲ್ಲದ ಬಳಕೆಗೆ ಲೈಸೆನ್ಸ್ ಕೊಟ್ಟಿದೆ. ಉಳಿದವರ ನಿಯಮ ಓದದೆ ಪ್ರಿಂಟರ್ ಆನ್ ಮಾಡಬೇಡಿ.

ಪ್ರಶ್ನೆ: ಇದೆಲ್ಲ ಸುಮ್ನೆ ಹುಡುಗಾಟ. ದೊಡ್ಡವರು ಯಾರಾದರೂ ಗಂಭೀರವಾಗಿ ತಗೊಳ್ತಾರಾ?

ಉತ್ತರ: ರೇಸಿನವರು ತಗೊಂಡಿದ್ದಾರೆ. ಮಿಕು ಒಂದು ಹಾಡುವ ಸಾಫ್ಟ್‌ವೇರ್‌ನ ಮುಖ, 2007ರಲ್ಲಿ ಬಂದವಳು. ಮಾರನೆ ವರ್ಷವೇ ಜಪಾನಿನ ಸೂಪರ್ ಜಿಟಿ ಕಾರ್ ರೇಸಿನ ಜಿಟಿ300 ವಿಭಾಗದಲ್ಲಿ ಅವಳ ಚಿತ್ರ ಹೊತ್ತ ಬಿಎಂಡಬ್ಲ್ಯು ಓಡಿತು. ಈ ಮಿಕು ಕಾರುಗಳ ತಂಡದ ಹೆಸರು ಗುಡ್ ಸ್ಮೈಲ್ ರೇಸಿಂಗ್. ಅಭಿಮಾನಿಗಳೇ ಸಣ್ಣ ಸಣ್ಣ ಪ್ರಾಯೋಜಕರಾಗಿ ದುಡ್ಡು ಹಾಕುತ್ತಾರೆ. 2011, 2014, 2017, ಮೂರು ಸಲ ಆ ವಿಭಾಗದ ಚಾಂಪಿಯನ್. ಹುಡುಗಾಟವೇ ಇರಲಿ ಸ್ವಾಮಿ, ಗೆದ್ದದ್ದು ನಿಜ ತಾನೆ?

ಪ್ರಶ್ನೆ: ನನ್ನ ತಮ್ಮ ನಗೊಯದಲ್ಲಿದ್ದಾನೆ. ಅವನಿಗೂ ಆಸೆ, ಆದರೆ ಕಂಪನಿಯ ಪಾರ್ಕಿಂಗ್‌ನಲ್ಲಿ ನಿಲ್ಲಿಸೋಕೆ ಸಂಕೋಚ. ಆಮೇಲೆ ಕಾರು ಮಾರುವಾಗ ಏನು ಗತಿ?

ಉತ್ತರ: ಮ್ಯಾಗ್ನೆಟ್ ಹಾಳೆ ಮಾಡಿಸಲಿ. ಶನಿವಾರ ಹಾಕಿ ಭಾನುವಾರ ರಾತ್ರಿ ತೆಗೆದರಾಯಿತು. ಮೊದಲು ಬಾಗಿಲಿಗೆ ಒಂದು ಆಯಸ್ಕಾಂತ ಹಿಡಿದು ನೋಡಲಿ, ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಆದರೆ ನಿಲ್ಲಲ್ಲ. ಅಂಚು ಎದ್ದಿದ್ದರೆ ಎಕ್ಸ್‌ಪ್ರೆಸ್‌ವೇ ಹತ್ತಬಾರದು, ಹಿಂದೆ ಬರುವವನ ಗಾಜಿಗೆ ಹುಡುಗಿ ಹೋಗಿ ಬಡಿಯುತ್ತಾಳೆ. ಮಳೆಯಲ್ಲಿ ನೆನೆದರೆ ತೆಗೆದು ಒರೆಸಬೇಕು. ಟೋಕಿಯೊದ ಒದೈಬದಂಥ ಕಡೆ ಇತಾಶಾ ಸೇರುವಾಗ ಹಲವರು ನಂಬರ್ ಪ್ಲೇಟನ್ನು ಹಲಗೆಯಿಂದ ಮುಚ್ಚಿಡುತ್ತಾರೆ. ಅದು ನಿಂತ ಕಾರಿಗೆ ಮಾತ್ರ. 2016ರ ಏಪ್ರಿಲ್‌ನಿಂದ ರಸ್ತೆಯಲ್ಲಿ ಪ್ಲೇಟಿನ ಮೇಲೆ ಪಾರದರ್ಶಕ ಕವರ್ ಕೂಡ ಹಾಕುವಂತಿಲ್ಲ.

ಅಂಟಿಸುವುದೇ ಆದರೆ ಬ್ರಷ್ ತಿರುಗುವ ಕಾರ್ ವಾಶ್‌ಗೆ ಕೊಡದೆ ಕೈಯಲ್ಲೇ ತೊಳೆಯಲಿ. ಬಣ್ಣ ಮಾಸುವವರೆಗೆ ಕಾಯದೆ ಕೆಲವು ವರ್ಷಕ್ಕೆ ತೆಗೆಸಿಬಿಡಬೇಕು. ಬಿಸಿ ಕೊಟ್ಟು ನಿಧಾನಕ್ಕೆ ಎಳೆದರೆ ಬರುತ್ತದೆ. ಬಿಸಿಲಿಗೆ ಒಣಗಿ ಪುಡಿಯಾಗುವಷ್ಟು ಹಳೆಯದಾದರೆ ಅಂಟು ಉಳಿದು ಕೆಲಸ ಎರಡು ಪಟ್ಟು. ಕಂಪನಿಯಲ್ಲೇ ಹೊಡೆದ ಬಣ್ಣ ಸಾಮಾನ್ಯವಾಗಿ ತಡೆಯುತ್ತದೆ. ಗುದ್ದಿ, ರಿಪೇರಿಯಾಗಿ, ಮತ್ತೆ ಬಣ್ಣ ಹೊಡೆದ ಬಾಗಿಲಾದರೆ ಫಿಲ್ಮಿನ ಜತೆ ಬಣ್ಣವೂ ಎದ್ದು ಬರಬಹುದು. ಸೆಕೆಂಡ್ ಹ್ಯಾಂಡ್ ತಗೊಳ್ಳುವ ದಿನವೇ ಅದನ್ನು ಕೇಳಿಕೊಳ್ಳಲಿ.