ಮಗ ಕೆಟ್ಟನೋ, ಲೆಕ್ಕ ಕೆಟ್ಟಿತೋ?

(ಗುಳೇದಗುಡ್ಡದ ನಿವೃತ್ತ ಮಾಸ್ತರರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ)

ಮಾಸ್ತರರೇ, ನಮಸ್ಕಾರ.

ಜಗತ್ತಿನಲ್ಲಿ ಮುದುಕರ ಸಂಖ್ಯೆ ಏರುತ್ತಿದೆ ಎಂಬ ನಮ್ಮ ಲೇಖನ ಓದಿ ನೀವು ಸಿಟ್ಟಾಗಿದ್ದೀರಿ. "ಇದು ಜಪಾನಿನವರ ಚಿಂತೆ. ನಮ್ಮಲ್ಲಿ ಕೆಟ್ಟಿದ್ದು ಮಕ್ಕಳ ಸಂಸ್ಕಾರ ಅಷ್ಟೇ. ಅಪ್ಪ-ಅವ್ವನನ್ನು ನೋಡದವರನ್ನು ಕೋರ್ಟಿಗೆ ಎಳೆಯಬೇಕು" ಎಂದಿದ್ದೀರಿ. ನಿಮ್ಮ ಓಣಿಯ ಅಜ್ಜಿಯ ಮಗ ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋದವನು ಜಾತ್ರೆಗೂ ಬರಲಿಲ್ಲ ಎಂದೂ ಬರೆದಿದ್ದೀರಿ.

ಆ ಮಗನ ಪರವಾಗಿ ಎರಡು ಮಾತು. ಅವನು ಊರಲ್ಲೇ ಇದ್ದು ಏನು ಮಾಡಬೇಕಿತ್ತು? ಖಣ ನೇಯುವ ಮಗ್ಗದ ಕೂಲಿಯಲ್ಲಿ ಅವ್ವನ ಗುಳಿಗೆ, ಮಕ್ಕಳ ಫೀಸು ಎರಡೂ ನಡೆಯುವುದು ಎಷ್ಟು ಕಷ್ಟ ಎಂದು ಗುಳೇದಗುಡ್ಡದವರಿಗೆ ನಾನು ಹೇಳಬೇಕೇ?

ನಿಮ್ಮ ಕಾಲದಲ್ಲಿ ಮುಪ್ಪಿನ ತಂದೆ-ತಾಯಿಗೆ ನಾಲ್ಕೈದು ಮಕ್ಕಳಿರುತ್ತಿದ್ದರು. ಒಬ್ಬ ಕೈಬಿಟ್ಟರೆ ಇನ್ನೊಬ್ಬ ಹಿಡಿಯುತ್ತಿದ್ದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಮುಂದೆ ಗಂಡ-ಹೆಂಡತಿ ಇಬ್ಬರ ಮೇಲೆ ನಾಲ್ವರು ಹಿರಿಯರ ಭಾರ ಬೀಳುತ್ತದೆ. ಸಂಸ್ಕಾರ ಎಷ್ಟಿದ್ದರೇನು, ದುಡಿಯುವ ಕೈ ಅಷ್ಟೇ ತಾನೇ?

ಜಪಾನನ್ನೇ ನೋಡಿ. ಹಿರಿಯರ ಗೌರವಕ್ಕೆಂದೇ ಸೆಪ್ಟೆಂಬರಿನಲ್ಲಿ ಸರ್ಕಾರಿ ರಜೆ ಕೊಡುವ ದೇಶ ಅದು. ನೂರಕ್ಕೆ ಸುಮಾರು 29 ಜನ 65 ದಾಟಿದವರು. ಗೌರವದಿಂದಲೇ ಎಲ್ಲ ಸರಿಹೋಗುವುದಾಗಿದ್ದರೆ ಅವರು 2000ದಲ್ಲಿ ಆರೈಕೆ ವಿಮೆ ತರುತ್ತಿರಲಿಲ್ಲ. ಅಲ್ಲಿ 40 ತುಂಬಿದವರೆಲ್ಲ ಅದಕ್ಕೆ ಕಂತು ಕಟ್ಟುತ್ತಾರೆ. ಮನೆಗೆ ಬಂದು ಮುದುಕರಿಗೆ ಸ್ನಾನ ಮಾಡಿಸುವವರ ಖರ್ಚಿನ ಬಹುಪಾಲು ಅದರಿಂದಲೇ ಹೋಗುತ್ತದೆ.

ನಮ್ಮಲ್ಲಿ ಆ ಕೆಲಸ ಯಾರದು? ನಿಮ್ಮ ಪತ್ರದ ತುಂಬ ಮಗ, ಮಗ ಎಂದಿದೆ. ಹಾಸಿಗೆ ಹಿಡಿದ ಅತ್ತೆಯನ್ನು ಎತ್ತಿ ಕೂರಿಸುವ ಸೊಸೆಯ ಹೆಸರೇ ಇಲ್ಲ!

ಕೋರ್ಟಿನ ಮಾತು ಹೇಳಿದಿರಿ. ಅಪ್ಪ-ಅವ್ವನನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸುವ 2007ರ ಕಾಯ್ದೆ ಇದೆ. ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿದರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಆಸ್ತಿ ಬರೆಸಿಕೊಂಡು ಅವ್ವನನ್ನು ಹೊರಹಾಕಿದವನ ಮೇಲೆ ಖಂಡಿತ ಹಾಕಿಸಿ. ಆದರೆ ಜೇಬೇ ಖಾಲಿ ಇರುವವನಿಂದ ಯಾವ ಸಾಹೇಬರು ಏನು ಕೊಡಿಸಿಯಾರು? ನೇಕಾರನಿಗೆ, ಕೂಲಿಯವನಿಗೆ ನಿಮ್ಮ ಹಾಗೆ ಪೆನ್ಶನ್ ಇಲ್ಲ. ಬೇಸರ ಬೇಡ, ನಿಮ್ಮನ್ನು ಚುಚ್ಚಲು ಹೇಳಿದ್ದಲ್ಲ. ಬಡ ಮುದುಕರಿಗೆ ಸರ್ಕಾರ ತಿಂಗಳಿಗೆ ಕೊಡುವ ಸಂಧ್ಯಾ ಸುರಕ್ಷೆಯ 1,200 ರೂಪಾಯಿ ಯಾವ ಮೂಲೆಗೆ? ಸಿಟ್ಟು ಮಾಡುವುದಿದ್ದರೆ ಅದರ ಮೇಲೆ ಮಾಡೋಣ. ಮುಂದಿನ ಪತ್ರದಲ್ಲಿ ಆ ಬಗ್ಗೆ ಬರೆಯಿರಿ, ಪೂರ್ತಿ ಅಚ್ಚು ಹಾಕುತ್ತೇವೆ.

ಅಂದಹಾಗೆ, ಆ ಅಜ್ಜಿಗೆ 70 ತುಂಬಿದ್ದರೆ ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ. ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಖರ್ಚಿಗೆ ಆಸರೆ, ಆದರೆ ನಿಮ್ಮ ಕಡೆಯ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಆಧಾರ್ ಕಾರ್ಡ್ ಬೇಕು. ಹಿರಿಯರ ಸಹಾಯವಾಣಿ 14567, ದುಡ್ಡು ಬೀಳುವುದಿಲ್ಲ. ಅಜ್ಜಿಗೆ ಒಬ್ಬರೇ ಓಡಾಡಲು ಆಗದಿದ್ದರೆ ನೀವೇ ಜೊತೆಗೆ ಹೋಗಿ ಮಾಡಿಸಿಕೊಡಿ.

— ಸಂಪಾದಕ